ಊರಿನ ಹೆಸರಿಲ್ಲದ ತಂತಿ

ಗುಬ್ಬಿ ಕಡೆಯ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ಯೋಗನರಸಿಂಹ ತಂತಿ ಬರೆದುಕೊಳ್ಳುತ್ತಿದ್ದರು, ನಾನು ಹಂಚುತ್ತಿದ್ದೆ. ಒಳ್ಳೆಯ ಮನುಷ್ಯ, ಆದರೆ ಮಹಾ ಉಡಾಫೆ. ಯಾವುದೇ ತಂತಿಯಲ್ಲಿ ಮೊದಲು ಬರುವುದು ಕಳಿಸಿದ ಊರು, ಹೊತ್ತು. ಅದಕ್ಕೆ ಕಾಸಿಲ್ಲ, ಹಾಗಾಗಿ ಜನ ಕಾಸು ಕೊಟ್ಟು ಒಕ್ಕಣೆಯೊಳಗೆ ಊರಿನ ಹೆಸರು ಬರೆಸುತ್ತಲೇ ಇರಲಿಲ್ಲ. ಇವರೋ, ಅದು ಬರುವಾಗ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಯಂತ್ರದ ಕಟಕಟ ಸದ್ದಿನ ವರಸೆಯಲ್ಲೇ ಆಚೆಗಿರುವವನು ಕುಣಿಗಲ್ಲಿನವನೋ ತುಮಕೂರಿನವನೋ ಗೊತ್ತಾಗುತ್ತಿತ್ತು, ಆಮೇಲೆ ತುಂಬಿಕೊಳ್ಳುತ್ತಿದ್ದರು. ಎಪ್ಪತ್ತೆಂಟರಲ್ಲಿ ಎಲ್ಲ ತಂತಿಯೂ ತುಮಕೂರಿನ ಹೊಸಬನೊಬ್ಬನ ಕೈಯಿಂದಲೇ ಬರತೊಡಗಿತು. ಇನ್ನು ಸದ್ದಿನಿಂದ ಊರು ತಿಳಿಯುವಂತಿರಲಿಲ್ಲ, ಇವರ ಅಭ್ಯಾಸ ಮಾತ್ರ ಬದಲಾಗಲಿಲ್ಲ.

ಒಂದು ಬೆಳಿಗ್ಗೆ ಪುಟ್ಟತಾಯಮ್ಮನಿಗೆ ತಂತಿ ಬಂತು. ಮಗಳು ಸೀರಿಯಸ್, ತಕ್ಷಣ ಹೊರಡಿ, ಅಳಿಯ. ಅಷ್ಟು ಇಂಗ್ಲಿಷ್ ನನಗೂ ಬರುತ್ತಿತ್ತು, ಓದಿ ಹೇಳಿದೆ. ಆಕೆಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು.

"ಯಾವ್ ಮಗ್ಳು ಕರಿಸಿದ್ದಪ್ಪಾ? ಎಲ್ಲಿಂದ ಬಂದೈತೆ?"

ಊರಿನ ಜಾಗ ಖಾಲಿ. ಆಕೆಯನ್ನು ಕಚೇರಿಗೇ ಕರೆತಂದೆ. ಯೋಗನರಸಿಂಹರ ಮುಖ ಬಿಳಿಚಿಕೊಂಡಿತು. ತುಮಕೂರಿನವನನ್ನು ತಂತಿಯಲ್ಲೇ ಮತ್ತೆ ಕೇಳಬಹುದಿತ್ತು. ಕೇಳಿದರೆ ಅದು ದಾಖಲಾಗುತ್ತದೆ. ಇಂಥ ಉಡಾಫೆಗೆ ಆಗಲೇ ಮೇಲಿನವರಿಂದ ಎರಡು ಮೆಮೊ ಬಂದಿದ್ದವು.

"ಯಾವ ಮಗಳು ಬಸುರಿ, ಪುಟ್ಟತಾಯಮ್ಮ?" ಎಂದರು.

"ಕುಣಿಗಲ್ ತಾವ ಕೊತ್ತಗೆರೇಲಿರೋ ಮಂಜುಳ ಕಣ್ ಸಾಮಿ. ದಿನ ತುಂಬೈತೆ."

"ಹಾಗಾದ್ರೆ ಕುಣಿಗಲ್ಲಿಂದ್ಲೇ ಬಂದಿದೆ," ಎಂದು ನನ್ನ ಕಣ್ಣೆದುರೇ ಖಾಲಿ ಜಾಗ ತುಂಬಿದರು. ನಾನು ಬಾಯಿ ಬಿಡಲಿಲ್ಲ. ಆ ಪಾಪದಲ್ಲಿ ನನಗೂ ಪಾಲಿದೆ.

ಆಕೆ ಬಸ್ಸು ಹತ್ತಿದ ಮೇಲೆ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. "ತಪ್ಪಾಗಿದ್ರೆ ಏನೋ ಗತಿ?" ಎಂದು ನಾಲ್ಕು ಸಲ ಕೇಳಿದರು.

"ಮೆಮೊ ಬಂದ್ರೆ ಬರ್ಲಿ ಸಾಮಿ, ಕೇಳ್ಬುಡಿ!" ಎಂದು ರೇಗಿದೆ.

ಮಧ್ಯಾಹ್ನದ ಹೊತ್ತಿಗೆ ಕೇಳಿದರು. ಉತ್ತರ ಬಂತು: ಕಳಿಸಿದ ಊರು ತುಮಕೂರು, ಬೆಳಿಗ್ಗೆ ಎಂಟು ಗಂಟೆ. ಅಂದರೆ ತುಮಕೂರಿನ ಹತ್ತಿರದ ಊರ್ಡಿಗೆರೆಗೆ ಕೊಟ್ಟ ದೊಡ್ಡ ಮಗಳು ಕದರಮ್ಮ. ಪೋಸ್ಟ್ ಮಾಸ್ತರಿಗೆ ಹೇಳಿ, ನನ್ನನ್ನೂ ಎಳೆದುಕೊಂಡು ಕೊತ್ತಗೆರೆಯ ಬಸ್ಸು ಹತ್ತಿದರು.

ಕೊತ್ತಗೆರೆಯ ಮನೆ ಜಗುಲಿಯಲ್ಲಿ ಪುಟ್ಟತಾಯಮ್ಮ ಮಗಳ ತಲೆ ಬಾಚುತ್ತಿದ್ದಳು. ನಮ್ಮನ್ನು ಕಂಡು ನಗುತ್ತಲೇ ಎದ್ದಳು.

"ನನ್ ಮಗ್ಳು ಗುಂಡುಕಲ್ ಇದ್ದಂಗವ್ಳೆ ಸಾಮಿ! ಅದ್ಯಾವನೋ ಸುಳ್ಳು ತಂತಿ ಕೊಟ್ಟವ್ನೆ. ಕೂತ್ಕಳಿ, ಮಜ್ಜಿಗೆ ಕುಡೀರಿ."

ಲೋಟ ತಂದು ಕೈಗಿಟ್ಟಳು. ಯೋಗನರಸಿಂಹ ಅದನ್ನು ಹಿಡಿದುಕೊಂಡೇ ಅಳತೊಡಗಿದರು. ಆಕೆಯ ನಗು ನಿಂತಿತು. ಒಮ್ಮೆ ಮಂಜುಳಳ ಕಡೆ ತಿರುಗಿ ನೋಡಿದಳು. ಆಮೇಲೆ, ನಾವು ಯಾರೂ ಹೇಳುವ ಮೊದಲೇ, ಕದರಮ್ಮನ ಹೆಸರನ್ನು ಆಕೆಯೇ ಹೇಳಿದಳು.