ಮಂಚದ ಹಿಂದಿನ ಗೋಡೆ

ಸ್ವೀಡನ್ನಿನ ವೆಸ್ಟೆರಾಸ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಹದಿಮೂರು ವರ್ಷದ ಮಗಳಿಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಹೊಸ ಹವೆ, ಒಗ್ಗಬೇಕು ಅಂದುಕೊಂಡು ಮೆಣಸಿನ ಕಷಾಯ ಕುಡಿಸಿದೆ. ಅವಳ ಕೋಣೆಯ ಕಿಟಕಿಯ ಮೇಲೆ ಗಾಳಿಯಾಡಲೆಂದೇ ಬಿಟ್ಟಿದ್ದ ಸಣ್ಣ ಕಿಂಡಿಯಿಂದ ಕೊರೆಯುವ ಗಾಳಿ ಬರುತ್ತಿತ್ತು. ಅದಕ್ಕೆ ಹತ್ತಿ ತುರುಕಿ ಟೇಪ್ ಹಚ್ಚಿದೆ. ಒದ್ದೆ ಬಟ್ಟೆಯನ್ನೂ ಆ ಕೋಣೆಯಲ್ಲೇ ಒಣಗಹಾಕುತ್ತಿದ್ದೆ.

ಜನವರಿಯ ಹೊತ್ತಿಗೆ ಅವಳು ಶಾಲೆಯಲ್ಲಿ ಆಟದ ಪೀರಿಯಡ್ ತಪ್ಪಿಸತೊಡಗಿದಳು. ಓಡಿದರೆ ಎದೆ ಬಿಗಿಯುತ್ತದೆ ಎಂದಳು.

"ಮೂರು ಹೊತ್ತೂ ಮೊಬೈಲ್ ಹಿಡ್ಕೊಂಡು ಮಲಗಿದ್ರೆ ಇನ್ನೇನಾಗತ್ತೆ?" ಎಂದು ಬೈದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಒಂದು ಬುಧವಾರ ನಾನು ಆಫೀಸಿನಲ್ಲಿದ್ದಾಗ ಶಾಲೆಯ ನರ್ಸ್ ಫೋನ್ ಮಾಡಿ ತಕ್ಷಣ ಬರಲು ಹೇಳಿದರು. ಹೋದಾಗ ಮಗಳು ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದಳು. ಉಸಿರು ಬಿಟ್ಟಾಗಲೆಲ್ಲ ಸಿಳ್ಳೆಯಂಥ ಸದ್ದು. ತುಟಿ ಬಿಳಚಿತ್ತು. ಆಸ್ಪತ್ರೆಯಲ್ಲಿ ಮಾಸ್ಕ್ ಇಟ್ಟು ಔಷಧ ಕೊಟ್ಟ ಮೇಲೆ ಉಸಿರು ಸಲೀಸಾಯಿತು. ಆಸ್ತಮಾ ಎಂದರು.

ಕೆಲವು ವಾರಗಳ ನಂತರ ಅಲರ್ಜಿ ಪರೀಕ್ಷೆ. ಡಾಕ್ಟರು ಅವಳ ಮುಂಗೈ ಮೇಲೆ ಸಾಲಾಗಿ ಹನಿ ಹಾಕಿ, ಒಂದೊಂದನ್ನೂ ಸೂಜಿಯಿಂದ ಚುಚ್ಚಿದರು. ಕಾಲು ಗಂಟೆಯಲ್ಲಿ ಎರಡು ಕಡೆ ಸೊಳ್ಳೆ ಕಚ್ಚಿದಂತೆ ದದ್ದು ಎದ್ದಿತು. ಎರಡೂ ಬೂಷ್ಟಿನ ಸಾರದ ಹನಿ ಹಾಕಿದ್ದ ಜಾಗ.

"ಮನೆಯಲ್ಲಿ ಎಲ್ಲಾದರೂ ತೇವ, ಬೂಷ್ಟು ಇದೆಯೇ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ, ನಮ್ಮದು ತುಂಬ ಕ್ಲೀನ್ ಮನೆ," ಎಂದೆ.

ಮಗಳು ನನ್ನತ್ತ ನೋಡದೆ ಸ್ವೀಡಿಶ್‌ನಲ್ಲಿ ಏನೋ ಹೇಳಿದಳು. ನನಗೆ ಅರ್ಥವಾದದ್ದು 'ಮಂಚ', 'ಕಪ್ಪು' ಎರಡೇ ಪದ.

ಮನೆಗೆ ಬಂದು ಗಂಡನೂ ನಾನೂ ಅವಳ ಮಂಚವನ್ನು ಎಳೆದೆವು. ಹೊರಗೋಡೆಯ ಒಳಬದಿಯಲ್ಲಿ ಮೊಣಕಾಲೆತ್ತರದವರೆಗೆ ಕಪ್ಪು ಬೂಷ್ಟು ಹಬ್ಬಿತ್ತು. ನಡುವೆ ಅಲ್ಲಲ್ಲಿ ಒರೆಸಿದ ಗುರುತು.

"ನಾನೇ ಟಿಶ್ಯೂಲಿ ಒರೆಸ್ತಿದ್ದೆ. ಮತ್ತೆ ಮತ್ತೆ ಬರ್ತಿತ್ತು," ಎಂದಳು ಬಾಗಿಲಲ್ಲಿ ನಿಂತು.

"ಯಾಕೆ ಹೇಳ್ಲಿಲ್ಲ ಪುಟ್ಟಾ?"

"ರೂಮ್ ನೀಟಾಗಿ ಇಟ್ಕೊಳಲ್ಲ ಅಂತ ನೀನು ಬೈತಿದ್ದೆ."

ಗಂಡ ಸ್ಟೂಲ್ ಹತ್ತಿ ಕಿಂಡಿಗೆ ಹಚ್ಚಿದ್ದ ಟೇಪ್ ಕಿತ್ತ. ಅಂದಿನಿಂದಲೇ ಅವಳಿಗೆ ನಮ್ಮ ಕೋಣೆ ಕೊಟ್ಟು ನಾವು ಹಾಲ್‌ನಲ್ಲಿ ಮಲಗಿದೆವು. ಬಾಡಿಗೆ ಮನೆಯ ಮಾಲೀಕರು ಆಳು ಕಳಿಸಿ ಗೋಡೆ ಕೆರೆಸಿ ಒಣಗಿಸಿಕೊಟ್ಟರು.

ಕೆಮ್ಮು ಕಡಿಮೆಯಾಯಿತು, ಆಸ್ತಮಾ ಹೋಗಲಿಲ್ಲ. ಬೆಳಿಗ್ಗೆ ಸಂಜೆ ಇನ್‌ಹೇಲರ್ ಎಳೆದುಕೊಳ್ಳುತ್ತಾಳೆ. ಆಟಕ್ಕೆ ಹೋಗುತ್ತಾಳೆ, ನಡುನಡುವೆ ಕೂರುತ್ತಾಳೆ. ಏನೇ ಆದರೂ ನನಗೆ ಹೇಳು, ಬೈಯುವುದಿಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ. ತಲೆಯಾಡಿಸುತ್ತಾಳೆ. ಆದರೆ ಎದೆ ಬಿಗಿದ ದಿನ ಅವಳು ಮೊದಲು ಹೇಳುವುದು ಶಾಲೆಯ ನರ್ಸ್‌ಗೆ. ನನಗೆ ಗೊತ್ತಾಗುವುದು ಅವರ ಫೋನ್ ಬಂದ ಮೇಲೆ.