ಬೆಚ್ಚಗಾದ ಬಿಳಿ ಎತ್ತು

ಬೈಕಿನಿಂದ ಬಿದ್ದು ಬಲ ಮುಂಗೈ ಮುರಿದುಕೊಂಡು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕುಳಿತಿದ್ದೆ. ಕಂಪೌಂಡರ್ ಒದ್ದೆ ಪ್ಲಾಸ್ಟರ್ ಸುತ್ತಿ ಹೋದ. ತಣ್ಣಗಿದ್ದದ್ದು ತಾನಾಗಿಯೇ ಬೆಚ್ಚಗಾಗತೊಡಗಿತು. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಇದು ಹೀಗೇ ಆಗುತ್ತದೆಂದು ವರ್ಷಗಟ್ಟಲೆ ಪಾಠ ಹೇಳಿದವನು. ಆದರೂ ನಿಮ್ಮ ಹತ್ತಿರ ಮುಚ್ಚಿಡುವುದೇನು, ಪ್ಲಾಸ್ಟರ್ ಮುಟ್ಟಿದ್ದ ಎಡಗೈಯನ್ನು ಹಿಂದಕ್ಕೆಳೆದುಕೊಂಡೆ. ಮೊರಬದ ಗೌರಕ್ಕ ಕಾಕಿ ನೆನಪಾದಳು.

ಕಾಕಾ ತೀರಿಕೊಂಡ ಮೇಲೆ ಕಾಕಿ ಒಬ್ಬಳೇ ಜೋಡೆತ್ತು ಕಟ್ಟಿ ಒಕ್ಕಲುತನ ಮಾಡಿದವಳು. ಕಾಲುವೆ ಬದಿಯ ಹೊಲ ಉಪ್ಪುಗಟ್ಟಿ ಸವಳು ಹಿಡಿಯಿತೆಂದು ಒಂದು ಲಾರಿ ಜಿಪ್ಸಂ ತರಿಸಿದ್ದಳು. ಗಣಿಯದ್ದಲ್ಲ, ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವಲ್ಲಿ, ಹೊಗೆಯೊಳಗಿನ ಗಂಧಕವನ್ನು ಸುಣ್ಣಕಲ್ಲಿನ ನೀರಿನಿಂದ ತೊಳೆದಾಗ ಉಳಿಯುವಂಥದ್ದು. ಗೋದಿಹಿಟ್ಟಿಗಿಂತ ನುಣುಪು, ಮುಟ್ಟಿದರೆ ಹಸಿ ಹಸಿ. ಮುಷ್ಟಿಯಲ್ಲಿ ಅದುಮಿದರೆ ಕೈಗೆರೆಗಳೆಲ್ಲ ಅದರಲ್ಲಿ ಮೂಡುತ್ತಿದ್ದವು. "ಹೊಗಿಗೆ ಮೈ ಬಂದೈತಲ್ಲೋ," ಎಂದು ಕಾಕಿ ಎರಡೆರಡು ಸಲ ಕೈ ತೊಳೆದುಕೊಂಡಿದ್ದಳು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅವತ್ತು ಕಪ್ಪು ಎರಿಮಣ್ಣಿನ ಎತ್ತು ಮಾಡಿ ಪೂಜಿಸುವುದು ನಮ್ಮ ಕಡೆಯ ರೂಢಿ. "ಮಣ್ಣಿಂದು ಸೀಳತೈತಿ ಕಾಕಿ, ಈ ಸಲ ಇದರಾಗ ಮಾಡೂಣು," ಎಂದೆ. ನನ್ನ ಶಾಣ್ಯಾತನ ಸುಮ್ಮನಿರಬೇಕಲ್ಲ! ಪುಡಿಯನ್ನು ರೊಟ್ಟಿ ಹಂಚಿನ ಮೇಲೆ ಹುರಿದೆ. ಹಸಿ ಆರಿದ ಮೇಲೂ ಒಳಗಿನ ನೀರು ಹಬೆಯಾಗಿ ಹೊರಟು ಅದು ಹಾಲಿನಂತೆ ಕುದಿಯಿತು. ಹೀಗೆ ಹುರಿದ ಜಿಪ್ಸಮ್ಮೇ ಆಸ್ಪತ್ರೆಯ ಪ್ಲಾಸ್ಟರ್. ಆರಿಸಿ, ನೀರು ಹಾಕಿ ಕಲಸಿ ಕಾಕಿಯ ಕೈಗೆ ಕೊಟ್ಟೆ.

ಅವತ್ತು ನಸುಕಿನಿಂದಲೇ ಅವಳ ಬಲಗಡೆಯ ಎತ್ತು ಮೇವು ಮುಟ್ಟಿರಲಿಲ್ಲ. ನವಲಗುಂದದ ದನದ ಡಾಕ್ಟರಿಗೆ ಫೋನ್ ಹಚ್ಚಬೇಕೆಂದು ಮೊಬೈಲನ್ನು ಉಡಿಯಲ್ಲಿಟ್ಟುಕೊಂಡೇ ಬಿಳಿ ಎತ್ತಿನ ಕೋಡು, ಕಿವಿ ತಿದ್ದುತ್ತಿದ್ದಳು. ಗಕ್ಕನೆ ಕೈ ನಿಂತಿತು.

"ಲೇ, ಇದು ಬೆಚ್ಚಗಾಗಾಕತ್ತೈತಿ. ಜೀವ ಬಂತೇನೋ?"

ಗೊತ್ತಿತ್ತು ನನಗೆ. ಕಲ್ಲಾಗುವಾಗ ಅದರ ಗುಣವೇ ಅದು. ಆದರೆ ಚೇಷ್ಟೆ ನೋಡಿ: "ಬಂತ ಬಿಡು ಕಾಕಿ, ನಿನ್ನ ಎತ್ತು ಇನ್ನ ಎದ್ದು ನಿಲ್ತೈತಿ!"

ಕಾಕಿ ನಗಲಿಲ್ಲ. ಡಾಕ್ಟರಿಗೆ ಹಚ್ಚದೆ ಮೊಬೈಲನ್ನು ಗೋಡೆಯ ಮಾಡದಲ್ಲಿಟ್ಟುಬಿಟ್ಟಳು. ಕೈಯೊಳಗಿನದು ಇನ್ನಷ್ಟು ಬಿಸಿಯಾಯಿತು. ನಮ್ಮವರು ದನದ ಜ್ವರ ನೋಡುವುದು ಕಿವಿ ಮುಟ್ಟಿಯೇ. ಎದ್ದು ಹೋಗಿ ಕೊಟ್ಟಿಗೆಯ ಎತ್ತಿನ ಕಿವಿ ಮುಟ್ಟುವಳು, ಬಂದು ಈ ಬಿಳಿ ಎತ್ತಿನ ಕಿವಿ ಮುಟ್ಟುವಳು. ನಿಜ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಹೆದರಿ ಮುಚ್ಚಿದೆ.

"ಕಿವಿ ತಣ್ಣಗಾದುವು," ಎಂದಳು ಆಮೇಲೆ. ಯಾವ ಎತ್ತಿನವೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮಧ್ಯಾಹ್ನ ನಾನೇ ಕರೆಸಿದ ಡಾಕ್ಟರು ಬರುವಷ್ಟರಲ್ಲಿ ಎತ್ತು ಸತ್ತಿತ್ತು. "ಮುಂಜಾನೆ ಕರೀಬೇಕಿತ್ರಿ," ಎಂದರು. ಜೋಡಿ ಮುರಿದ ಮೇಲೆ ಉಳಿದದ್ದನ್ನೂ ಕಾಕಿ ಮಾರಿದಳು.

ಈಗ, ಇಷ್ಟು ವರ್ಷಗಳ ಮೇಲೆ, ಆಸ್ಪತ್ರೆಯ ಬೆಂಚಿನಿಂದಲೇ ಎಡಗೈಯಲ್ಲಿ ಫೋನ್ ಹಚ್ಚಿ ಹೇಳಿಬಿಟ್ಟೆ. "ಕಾಕಿ, ಆವತ್ತ ಅದು ಜೀವ ಅಲ್ಲ. ಹುರದದ್ದಕ್ಕ ನೀರ ಬಿದ್ರ ಅದು ಬಿಸಿ ಆಗೂದ. ನನಗ ಗೊತ್ತಿತ್ತು. ತಪ್ಪಾತು."



"ಮರುವರ್ಷ ನಾನ ಹುರದು ಕಲಸಿ ನೋಡಿದ್ನೋ," ಎಂದಳು ಕಾಕಿ. "ಆಗೂ ಬೆಚ್ಚಗಾತು. ಕೊಟಗ್ಯಾಗ ಎತ್ತ ಇರಲಿಲ್ಲ. ನೀ ಯಾವಾಗ ಖರೇ ಹೇಳ್ತಿ ಅಂತ ಅವತ್ತಿನಿಂದ ಕಾಯಾಕತ್ತೇನಿ."