ಪುಟದ ತಳದ ಐದು ಸಾಲು

ಸಂಶೋಧನೆಯನ್ನೂ ಅದರ ಬರವಣಿಗೆಯನ್ನೂ ಮೂರು ದಿನಗಳ ಕಾರ್ಯಾಗಾರದಲ್ಲಿ ಕಲಿಸಬಹುದು ಎಂಬ ಮಾತನ್ನು ನಾನು ನಂಬಿರಲಿಲ್ಲ. ನಂಬದಿದ್ದುದರಿಂದಲೇ ನೋಡಲು ಹೋದೆ.

ನವನಗರದಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ, ಹೆಬ್ಬಳ್ಳಿಯ ರೈತರ ಮಗಳು. ಅವಳ ಅಧ್ಯಾಯಗಳ ಕರಡು ತಿದ್ದುವುದು ನಾನೇ ಮೈಮೇಲೆ ಹಾಕಿಕೊಂಡ ಕೆಲಸ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತ, ಕಣ್ಣಿಗೆ ಬಿದ್ದುದನ್ನೆಲ್ಲ ಓದಿ ಬೆಳೆದೆ. ಅಚ್ಚಾದದ್ದೆಲ್ಲ ನಿಜವಲ್ಲ ಎಂಬುದನ್ನು ಅಲ್ಲಿಯೇ ಕಲಿತೆನೆಂದು ತಿಳಿದಿದ್ದೆ. ಆದ್ದರಿಂದ ಅವಳ ಕರಡಿನ ಅಂಚಿನಲ್ಲೆಲ್ಲ ಕೆಂಪು ಪೆನ್ಸಿಲ್ಲಿನಿಂದ ‘ಯಾರು ಹೇಳಿದರು? ಯಾರು ನೋಡಿದರು?’ ಎಂದು ಬರೆಯುತ್ತಿದ್ದೆ.

ಅವಳ ವಿಷಯ, ಊರಿನ ಬಾವಿ-ಕೆರೆಗಳಲ್ಲಿ ಹೆಂಗಸರ ದುಡಿಮೆ. ಮೂರನೆಯ ಅಧ್ಯಾಯ ಒಂದೇ ಸಂಗತಿಯ ಮೇಲೆ ನಿಂತಿತ್ತು: ಧಾರವಾಡದ ಸಮೀಪದ ಒಂದು ಹಳ್ಳಿಯ ದೊಡ್ಡ ಬಾವಿಯನ್ನು ಒಂದು ಬೇಸಿಗೆಯಲ್ಲಿ ಹೆಂಗಸರೇ ತೋಡಿದರು. ಅಧ್ಯಾಯದ ಹೆಸರೂ ಅದೇ. ಕಾರ್ಯಾಗಾರ ಮುಗಿದ ಮರುದಿನ ಅದನ್ನು ಮಾರ್ಗದರ್ಶಕರಿಗೆ ಒಪ್ಪಿಸಬೇಕಿತ್ತು. ಅದಾಗಲೇ ಎರಡು ಗಡುವು ದಾಟಿದ್ದವು. ಮೂರನೆಯದೂ ತಪ್ಪಿದರೆ ಅವರು ಸಹಿಸುವವರಲ್ಲ ಎಂದು ಅವಳಿಗೆ ಭಯ.

ಕಲಿಸಲು ಬಂದಿದ್ದ ಅಧ್ಯಾಪಕಿ, ಹುಡುಗಿಯ ಜೊತೆ ಹೋದ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟರು. ಮೊದಲ ದಿನ ಕಂಪ್ಯೂಟರಿನಲ್ಲಿ ಗ್ರಂಥಸೂಚಿ ಮಾಡುವ ಬಗೆ ಹೇಳಿದರು. ನನಗೆ ಅರ್ಧ ತಿಳಿಯಿತು, ಉಪ್ಪಿಟ್ಟು ಚೆನ್ನಾಗಿತ್ತು. ಎರಡನೆಯ ದಿನ ಕೊಟ್ಟ ಅಭ್ಯಾಸ ಮಾತ್ರ ನನ್ನನ್ನು ನೆಟ್ಟಗೆ ಕೂರಿಸಿತು. ಪ್ರತಿಯೊಬ್ಬರೂ ತಮ್ಮ ಬರಹದ ಒಂದು ಅಡಿಟಿಪ್ಪಣಿಯನ್ನು ಹಿಡಿದು, ಆ ಮಾತನ್ನು ಮೊದಲು ಹೇಳಿದವರು ಸಿಗುವವರೆಗೆ ಹಿಂದೆ ಹಿಂದೆ ಹೋಗಬೇಕು. ಆಯುಷ್ಯವಿಡೀ ನಾನು ಮಾಡಬೇಕೆಂದಿದ್ದ ಕೆಲಸವಿದು.

ನಮ್ಮ ಹುಡುಗಿ ಬಾವಿಯ ಟಿಪ್ಪಣಿಯನ್ನೇ ಹಿಡಿದಳು. ಅದು ಒಂದು ಪ್ರಬಂಧಕ್ಕೆ ಕೈತೋರಿತು, ಪ್ರಬಂಧ ಒಂದು ಪುಸ್ತಕಕ್ಕೆ, ಪುಸ್ತಕ ಒಂದು ಲೇಖನಕ್ಕೆ. ಲೇಖನ ತೋರಿಸಿದ್ದು ಒಂದು ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯನ್ನು. ಗ್ರಂಥಾಲಯದವರು ಅದರ ಪುಟವನ್ನು ಸ್ಕ್ಯಾನ್ ಮಾಡಿ ಕಳಿಸಿದರು, ಅಧ್ಯಾಪಕಿ ಪರದೆಯ ಮೇಲೆ ಹಾಕಿದರು. ಪುಟದ ತಳದಲ್ಲಿ ಬಾವಿಯ ಬಗ್ಗೆ ಐದು ಸಾಲು, ಬರೆದವರ ಹೆಸರಿಲ್ಲ. ಕೊನೆಯಲ್ಲಿ ಒಂದು ಅಲಂಕಾರದ ಹೂವು.

ಆ ಹೂವಿನ ಎಡಗಡೆಯ ದಳ ಮುರಿದಿತ್ತು. ಆ ಹೂವಿನ ಮೊಳೆಯನ್ನು ಛಾಪಖಾನೆಯ ಹೊಸ್ತಿಲ ಮೇಲೆ ಬೀಳಿಸಿ ಮುರಿದವನು ನಾನು.

ಇದಕ್ಕಿಂತ ಹಿಂದಿನದು ಸಿಗಲಾರದು, ಎಚ್ಚರಿಕೆಯ ಒಂದು ಮಾತು ಸೇರಿಸಿ ಬಳಸಬಹುದು ಎಂದರು ಅಧ್ಯಾಪಕಿ. ಹುಡುಗಿ ಹಿಂದಿರುಗಿ ನೋಡಿ ನಕ್ಕಳು. ನಾನು ಸುಮ್ಮನಿದ್ದಿದ್ದರೆ ಅವಳ ಅಧ್ಯಾಯ ಉಳಿಯುತ್ತಿತ್ತು. ಚಹಾದ ಬಿಡುವಿನಲ್ಲಿ ಅವಳನ್ನು ಮೆಟ್ಟಿಲ ಬಳಿಗೆ ಕರೆದೆ.

“ಯವ್ವಾ, ಆ ಐದ ಸಾಲು ನಾನ ಬರದದ್ದು.”

ತಮಾಷೆಯೆಂದು ತಿಳಿದಳು. ನಡೆದುದನ್ನು ಹೇಳಿದೆ. ಲೇಖನ ಮುಗಿದು ಪುಟದಲ್ಲಿ ಜಾಗ ಉಳಿದರೆ ಏನಾದರೂ ತುಂಬುವುದು ನಮ್ಮಲ್ಲಿ ರೂಢಿ. ಖಾಲಿ ಬಿಟ್ಟರೆ ಮಾಲೀಕರು ಬೈಯುತ್ತಿದ್ದರು. ಛಾಪಖಾನೆಯಲ್ಲಿ ಹಾಳೆ ಮಡಚುತ್ತಿದ್ದ ಹೆಂಗಸೊಬ್ಬಳು ಆ ಹಳ್ಳಿಯವಳು. ಅವಳು ಹೇಳಿದ್ದನ್ನೇ ಜೋಡಿಸಿದೆ. ಏಳು ಸಾಲಾಯಿತು, ಜಾಗ ಐದಕ್ಕಿತ್ತು. ಎರಡು ಸಾಲು ತೆಗೆದೆ. ತೆಗೆದವುಗಳಲ್ಲಿ ಒಂದರಲ್ಲಿ, ಬಂಡೆ ಒಡೆದವರು ಗಂಡಸರು ಎಂದಿತ್ತು.



“ಅಜ್ಜಾರ, ನನ್ನ ಕರಡಿನ್ಯಾಗ ಯಾರು ಹೇಳಿದ್ರು, ಯಾರು ನೋಡಿದ್ರು ಅಂತ ಒಂದ ಪುಟಾ ಬಿಡದ ಗೀಚೀರಿ. ಇದಕ್ಕ ಯಾಕ ಕೇಳಲಿಲ್ರಿ?”

“ಎಲ್ಲೋ ಓದಿದ್ದು ಅನಿಸ್ತು. ಖರೇ ಇರಬೇಕಂತ ಬಿಟ್ಟೆ.”

“ಓದಿದ್ದಲ್ರಿ. ನೀವ ಬರದದ್ದು.”

ಪರರ ಮಾತನ್ನು ಅಷ್ಟೊಂದು ಜಾಲಾಡಿದವನು, ನನ್ನದೇ ಮಾತು ನಾಲ್ಕು ಕೈ ದಾಟಿ ಮರಳಿ ಬಂದಾಗ ಹಳೆಯ ಗುರುತಿನವರಂತೆ ಒಳಗೆ ಕರೆದುಕೊಂಡಿದ್ದೆ.

ಅವಳು ಚಹಾದ ಕಪ್ಪನ್ನು ಕೆಳಗಿಟ್ಟು ಮೊಬೈಲು ತೆಗೆದು ಧ್ವನಿಮುದ್ರಣ ಒತ್ತಿದಳು.

“ಇನ್ನೊಂದ ಸಾಲು ಏನಿತ್ರಿ? ಆಕಿ ಅಂದಂಗ ಹೇಳ್ರಿ. ನೀವು ಛಂದ ಮಾಡಬ್ಯಾಡ್ರಿ.”

ಕಣ್ಣು ಮುಚ್ಚಿ ನೆನೆದೆ. ಮಣ್ಣಿನ ಬುಟ್ಟಿ ಹೊತ್ತು ಹೊತ್ತು, ಮನೆಯ ಹಳೆಯ ಸೀರೆಗಳೆಲ್ಲ ತಲೆಯ ಮೇಲೆ ಬುಟ್ಟಿಯಡಿಗೆ ಸುತ್ತಿಡುವ ಸಿಂಬಿಗೇ ಮುಗಿದುಹೋದವು ಎಂದಿದ್ದಳು ಆ ಹಾಳೆ ಮಡಚುವವಳು. ಅದನ್ನು ಹೇಳಿದಾಗ ಹುಡುಗಿ ತಲೆ ಎತ್ತಿದಳು. ಆ ಹೆಂಗಸು ಅದನ್ನು ಕಣ್ಣಾರೆ ಕಂಡಿದ್ದಳೇ, ಅತ್ತೆಯ ಬಾಯಿಂದ ಕೇಳಿದ್ದಳೇ ಎಂದು ಮೃದುವಾಗಿ ವಿಚಾರಿಸಿದಳು. ನಾನು ಕೇಳಿರಲಿಲ್ಲ. ನೀವು ಆ ಬಾವಿ ನೋಡಿದ್ದೀರಾ ಎಂದಳು. ಇಲ್ಲ. ಎರಡನ್ನೂ ಬರೆದುಕೊಂಡಳು. ಮೂರು ದಿನದಲ್ಲಿ ಏನು ಕಲಿಸಬಹುದು ಎಂಬ ನನ್ನ ಸಂದೇಹಕ್ಕೆ ಅಷ್ಟರಮಟ್ಟಿಗೆ ಉತ್ತರ ಸಿಕ್ಕಿತು.

ಮರುದಿನವಲ್ಲ, ಅದರ ಮರುದಿನ ಅವಳು ಅಧ್ಯಾಯವಿಲ್ಲದೆ ಮಾರ್ಗದರ್ಶಕರ ಮುಂದೆ ನಿಂತಳು. ಜೊತೆಗೆ ನಾನೂ ಹೋಗಿ ತಪ್ಪೊಪ್ಪಿಕೊಂಡೆ. ಅವರು ಮೊದಲು ಸಿಟ್ಟಾದರು, ಆಮೇಲೆ ಸಿಂಬಿಯ ಮಾತನ್ನು ಎರಡು ಸಲ ಕೇಳಿಸಿಕೊಂಡರು. ಹದಿನೈದು ದಿನ ಕೊಟ್ಟಿದ್ದಾರೆ, ಇದೇ ಕಡೆಯದು.

ಅಧ್ಯಾಯದ ಹೆಸರಿನ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಾಳೆ. ಆ ಹೆಂಗಸಿನ ಮನೆತನದವರು ಯಾರಾದರೂ ಸಿಕ್ಕಾರೆಂದು ರವಿವಾರ ಇಬ್ಬರೂ ಆ ಹಳ್ಳಿಗೆ ಹೋಗುತ್ತೇವೆ. ಪ್ರಶ್ನೆ ಕೇಳುವುದು ಅವಳು, ಮೊಬೈಲು ಹಿಡಿಯುವುದಷ್ಟೇ ನನ್ನ ಕೆಲಸ ಎಂದು ಈಗಲೇ ತಾಕೀತಾಗಿದೆ.